ಗೋಡೆಯಾಚೆಗೆ ಬಿದ್ದ ಪಾರಿಜಾತ

ಪಾರಿಜಾತವು ಸಂಜೆ ಅರಳುತ್ತದೆ, ಬೆಳಗಿನ ಹೊತ್ತಿಗೆ ತಾನಾಗಿ ಉದುರುತ್ತದೆ. ಬಿಳಿಯ ಎಸಳು, ಕೇಸರಿ ಬಣ್ಣದ ತೊಟ್ಟು, ಒಂದು ರಾತ್ರಿಯ ಆಯುಷ್ಯ. ಕೊಯ್ಯುವ ಕೈ ಬೇಡದ ಹೂವು ಅದು. ಹಾಸನ ಜಿಲ್ಲೆಯಲ್ಲಿ, ಶ್ರವಣಬೆಳಗೊಳಕ್ಕೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದಷ್ಟು ದೂರದಲ್ಲಿ ಒಂದು ಊರಿದೆ. ಅಲ್ಲಿ ಎಪ್ಪತ್ತು ದಾಟಿದ ಗೃಹಸ್ಥರೊಬ್ಬರು ಭಾದ್ರಪದ ಬಂತೆಂದರೆ ಪ್ರತಿ ಬೆಳಗೂ ತಮ್ಮ ಬಾವಿಕಟ್ಟೆಯ ಮೇಲೆ ಬಿದ್ದ ಪಾರಿಜಾತವನ್ನು ಒಂದೊಂದಾಗಿ ಆಯುತ್ತಾರೆ. ಅವರು ಜೈನರಲ್ಲ. ಮರವೂ ಅವರದಲ್ಲ, ಪಕ್ಕದ ಜೈನರ ಮನೆಯ ಹಿತ್ತಿಲಿನದು. ಕೊಂಬೆ ಮಾತ್ರ ಗೋಡೆ ದಾಟಿ ಇತ್ತ ಬಾಗಿದೆ. ಹೂವೊಂದನ್ನು ಎತ್ತಿ ಅಂಗೈಯಲ್ಲಿಟ್ಟು ಮೆಲ್ಲನೆ ತಟ್ಟಿ, ಒಳಗಿರಬಹುದಾದ ಇರುವೆ ಇಳಿದುಹೋಗುವವರೆಗೆ ಕಾದು, ಆಮೇಲೆ ಬಟ್ಟಲಿಗೆ ಹಾಕುವುದು ಅವರ ರೂಢಿ. ಹೀಗೆ ಹೂ ಆಯುವುದನ್ನು ಅವರಿಗೆ ಕಲಿಸಿದವರು ಗೋಡೆಯಾಚೆಯ ಮನೆಯ ಅಜ್ಜಿ. ಆ ಅಜ್ಜಿ ಕಣ್ಣು ಮುಚ್ಚಿ ನಲವತ್ತು ವರ್ಷಗಳು ಸಂದಿವೆ. ಹೂವು ಮಾತ್ರ ವರ್ಷ ವರ್ಷವೂ ಅವರನ್ನು ಕರೆತರುತ್ತದೆ.

ಅಜ್ಜಿಯ ದಿನಚರಿ ಇಡೀ ಬೀದಿಗೆ ತಿಳಿದಿತ್ತು. ನಸುಕಿನಲ್ಲಿ ಎದ್ದು, ನೀರನ್ನು ಬಟ್ಟೆಯಲ್ಲಿ ಸೋಸಿ, ಸ್ನಾನ ಮುಗಿಸಿ, ಮಡಿಯುಟ್ಟು ಹಿತ್ತಿಲಿಗೆ ಬರುತ್ತಿದ್ದರು. ಹಿಂದಿನ ಸಂಜೆಯೇ ಮರದ ಕೆಳಗೆ ಒಗೆದ ಹಳೆಯ ಪಂಚೆಯೊಂದನ್ನು ಹಾಸಿರುತ್ತಿದ್ದರು. ಅದರ ಮೇಲೆ ಉದುರಿದಷ್ಟೇ ಅಂದಿನ ಹೂವು. ಮಕ್ಕಳು ಕೊಂಬೆ ಹಿಡಿದು ಅಲುಗಿಸಲು ಬಂದರೆ, "ಬೇಡ ಮಗ, ಅದು ಕೊಟ್ಟಷ್ಟು ನಮಗೆ ಸಾಕು" ಎನ್ನುತ್ತಿದ್ದರು. ಬಸದಿಗೆ ಒಂದು ಬಟ್ಟಲು ಹೂವು ಹೋದ ಮೇಲೆ ಉಳಿದದ್ದನ್ನು ಗೋಡೆಯ ಮೇಲಿಟ್ಟು ಪಕ್ಕದ ಮನೆಯವರನ್ನು ಕೂಗುತ್ತಿದ್ದರು. ಹೊಸದಾಗಿ ಸಂಸಾರ ಹೂಡಿ ಆ ಮನೆಗೆ ಬಂದಿದ್ದ ಯುವ ದಂಪತಿಗೆ, ತಮ್ಮ ದೇವರ ಮನೆಯ ಹೂವು ಜೈನರ ಹಿತ್ತಿಲಿನಿಂದ ಬರುತ್ತಿದೆ ಎಂಬುದು ಎಂದೂ ವಿಶೇಷವಾಗಿ ತೋರಲಿಲ್ಲ.

ಹೂವಿನ ವಿಷಯದಲ್ಲಿ ಜೈನ ಶ್ರಾವಕನ ಮನಸ್ಸು ಸದಾ ಎಚ್ಚರದಿಂದಿರುತ್ತದೆ. ಗಿಡಮರಗಳು ವನಸ್ಪತಿಕಾಯದ ಏಕೇಂದ್ರಿಯ ಜೀವಿಗಳು. ಸ್ಪರ್ಶವೊಂದೇ ಅವುಗಳ ಇಂದ್ರಿಯ. ಗೃಹಸ್ಥನು ಇವುಗಳ ಹಿಂಸೆಯನ್ನು ಪೂರ್ತಿಯಾಗಿ ತೊರೆಯಲಾರ; ಆದರೆ ನಿಷ್ಕಾರಣವಾಗಿ ಒಂದು ಎಲೆಯನ್ನೂ ಕೀಳಬಾರದೆಂಬುದು ಅವನ ಅಣುವ್ರತದ ಮರ್ಯಾದೆ. ಅಷ್ಟವಿಧಾರ್ಚನೆಯ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲಗಳಲ್ಲಿ ಪುಷ್ಪಕ್ಕೂ ಸ್ಥಾನವುಂಟು. ದಿಗಂಬರರಲ್ಲೇ ಒಂದು ಪರಂಪರೆಯವರು ಹೂವಿಗೆ ಬದಲಾಗಿ ಕೇಸರಿ ಹಚ್ಚಿದ ಅಕ್ಕಿಯನ್ನು ಅರ್ಪಿಸುತ್ತಾರೆ. ಕರ್ನಾಟಕದ ಬಸದಿಗಳಲ್ಲಿ ಹೂವಿನಿಂದಲೇ ಪೂಜಿಸುವ ಪದ್ಧತಿ ನಡೆದುಬಂದಿದೆ. ಎರಡರ ಹಿಂದೆಯೂ ಇರುವ ಭಾವ ಒಂದೇ: ಕಾಮನೆಯನ್ನು ಗೆದ್ದ ಜಿನನ ಮುಂದೆ ತನ್ನ ಕಾಮನೆಯನ್ನು ಇಳಿಸಿಡುವುದು. ಅಜ್ಜಿ ಈ ಎರಡು ಪದ್ಧತಿಗಳ ನಡುವೆ ತಮ್ಮದೇ ಆದ ದಾರಿಯೊಂದನ್ನು ಕಂಡುಕೊಂಡಿದ್ದರು. ಮರವು ತಾನಾಗಿ ಬಿಟ್ಟುಕೊಟ್ಟ ಹೂವನ್ನು ಮಾತ್ರ ಅವರು ಸ್ವೀಕರಿಸುತ್ತಿದ್ದರು.

ಒಂದು ವರ್ಷದ ಶ್ರಾವಣದಲ್ಲಿ ಆ ಮರಕ್ಕೆ ಕಂಬಳಿಹುಳು ಹತ್ತಿತು. ಅಜ್ಜಿ ಹುಳುಗಳನ್ನು ಕೊಲ್ಲಲಿಲ್ಲ. ಕೊಲ್ಲಲು ಬಿಡಲೂ ಇಲ್ಲ. ಕಡ್ಡಿಯಲ್ಲಿ ಒಂದೊಂದನ್ನೇ ಎತ್ತಿ ಊರಾಚೆಯ ಬೇಲಿಗೆ ಬಿಟ್ಟು ಬರುತ್ತಿದ್ದರು. ಆದರೆ ಹುಳುಗಳು ನೂರಾರು, ಅಜ್ಜಿ ಒಬ್ಬರು. ಗೋಡೆ ದಾಟಿದ ಕೊಂಬೆಯಿಂದ ಹುಳುವೊಂದು ಪಕ್ಕದ ಮನೆಯ ಮಗುವಿನ ಮೈಮೇಲೆ ಬಿತ್ತು. ಮಗುವಿನ ಕುತ್ತಿಗೆ, ಬೆನ್ನು ಊದಿಕೊಂಡು ಎರಡು ರಾತ್ರಿ ಮನೆಯವರಿಗೆ ನಿದ್ರೆಯಿಲ್ಲ. ತಂದೆಗೆ ಸಿಟ್ಟು ಬಂತು. ಹುಳುವಿಗೆ ದಯೆ ತೋರುವವರಿಗೆ ಪಕ್ಕದ ಮನೆಯ ಮಗು ಕಾಣುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಅದನ್ನು ಅಜ್ಜಿಯ ಮುಂದೆ ನಿಂತು ಕೇಳಲಿಲ್ಲ. ಅಜ್ಜಿ ಬೆಳಗೊಳಕ್ಕೆ ಹೋಗಿದ್ದ ದಿನ ನೋಡಿ, ಆಳೊಬ್ಬನನ್ನು ಕರೆಸಿ, ತಮ್ಮ ಕಡೆಗೆ ಬಾಗಿದ್ದ ಕೊಂಬೆಯನ್ನಷ್ಟೇ ಅಲ್ಲ, ಗೋಡೆಯಾಚೆಗೂ ಕೈ ಚಾಚಿಸಿ ಅರ್ಧ ಮರವನ್ನೇ ಕಡಿಸಿ ಹಾಕಿದರು.

ಸಂಜೆ ಮರಳಿದ ಅಜ್ಜಿ ಹಿತ್ತಿಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ಗೋಡೆಯ ಈಚೆ ಆ ತರುಣ ಜಗಳಕ್ಕೆ ಮಾತು ಜೋಡಿಸಿಕೊಂಡು ಕಾದಿದ್ದರು. ಜಗಳ ಬರಲಿಲ್ಲ. ಅಜ್ಜಿ ಸಗಣಿ, ಮಣ್ಣು ಕಲಸಿ ಕಡಿದ ಜಾಗಕ್ಕೆ ಮೆತ್ತಿ ಒಳಗೆ ಹೋದರು. ಮರುದಿನದಿಂದ ತರುಣರು ಗೋಡೆಯ ಕಡೆ ನೋಡುವುದನ್ನೇ ಬಿಟ್ಟರು. ಎದುರಿನವರು ಜಗಳವಾಡಿದರೆ ತಪ್ಪು ಅರ್ಧ ಹಂಚಿಹೋಗುತ್ತದೆ. ಅವರು ಸುಮ್ಮನಾದರೆ ಅಷ್ಟೂ ತಪ್ಪು ಮಾಡಿದವನ ಬಳಿಯೇ ಉಳಿಯುತ್ತದೆ. ಅದನ್ನು ಹೊರಲಾರದೆ ಅವರು ಬಿಗುಮಾನಕ್ಕೆ ಮೊರೆಹೋದರು. ಎರಡು ಮನೆಗಳ ನಡುವೆ ಮಾತು ನಿಂತಿತು.

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ 10 ದಿನಗಳ ದಶಲಕ್ಷಣ ಪರ್ವ. ಉತ್ತಮ ಕ್ಷಮೆಯಿಂದ ತೊಡಗಿ ಮಾರ್ದವ, ಆರ್ಜವ, ಶೌಚ, ಸತ್ಯ, ಸಂಯಮ, ತಪಸ್ಸು, ತ್ಯಾಗ, ಆಕಿಂಚನ್ಯ, ಬ್ರಹ್ಮಚರ್ಯಗಳೆಂಬ ಹತ್ತು ಧರ್ಮಗಳ ಚಿಂತನೆ ಆಗ ಬಸದಿಗಳಲ್ಲಿ ನಡೆಯುತ್ತದೆ. ಪರ್ವ ಮುಗಿದು, ಹುಣ್ಣಿಮೆ ಕಳೆದ ಮರುದಿನ ಕ್ಷಮಾವಾಣಿ. ವರ್ಷದಲ್ಲಿ ಅರಿತೋ ಅರಿಯದೆಯೋ ನೋಯಿಸಿದವರಲ್ಲಿ ಅಂದು ಕ್ಷಮೆ ಬೇಡುತ್ತಾರೆ. ಆ ವರ್ಷದ ಕ್ಷಮಾವಾಣಿಯ ಬೆಳಿಗ್ಗೆ ಪಕ್ಕದ ಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ. ಅದರಲ್ಲಿ ಉಳಿದರ್ಧ ಮರ ಕೊಟ್ಟಿದ್ದ ಒಂದು ಹಿಡಿ ಪಾರಿಜಾತ.

"ಹುಳು ಹತ್ತಿದ್ದು ನನಗೆ ಗೊತ್ತಿತ್ತಪ್ಪ. ಮಗುವನ್ನು ಬಾವಿ ಕಡೆ ಬಿಡಬೇಡಿ ಅಂತ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನನ್ನ ಪ್ರಮಾದ. ಕ್ಷಮಿಸು" ಎಂದರು ಅಜ್ಜಿ.

ತರುಣರಿಗೆ ಏನು ಹೇಳಬೇಕೆಂದು ತೋಚಲಿಲ್ಲ. "ಪರವಾಗಿಲ್ಲ ಬಿಡಿ ಅಜ್ಜಿ" ಎಂದುಬಿಟ್ಟರು.

ಅಜ್ಜಿ ಆಡಿದ ಒಂದು ಪದ ಇಲ್ಲಿ ಗಮನಿಸತಕ್ಕದ್ದು. ಹಿಂಸೆ ಎಂದರೇನು ಎಂಬುದನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರಾಣಹಾನಿಯನ್ನಷ್ಟೇ ಹೆಸರಿಸುವುದಿಲ್ಲ. ಪ್ರಮಾದದಿಂದ ಆದ ಪ್ರಾಣಹಾನಿ ಎನ್ನುತ್ತಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಹುಳುವನ್ನು ಕಾಪಾಡಿದ ಅಜ್ಜಿ ತಮ್ಮ ಅಹಿಂಸೆಯ ಬಗ್ಗೆ ತೃಪ್ತಿಪಟ್ಟು ಕೂರಬಹುದಾಗಿತ್ತು. ಅರ್ಧ ಮರ ಕಳೆದುಕೊಂಡ ಅವರನ್ನು ಬೀದಿಯ ಜನ ನೊಂದವರೆಂದೇ ಕಾಣುತ್ತಿದ್ದರು. ಆದರೂ ಅವರು ತಮ್ಮ ದಯೆಯಲ್ಲಿ ಎಲ್ಲಿ ಎಚ್ಚರ ತಪ್ಪಿತು ಎಂಬುದನ್ನು ಹುಡುಕಿದರು. ಸಿಕ್ಕ ತಪ್ಪು ಸಣ್ಣದಾದರೂ ಅದನ್ನು ತಮ್ಮದೆಂದು ಹೇಳಿಕೊಂಡು ಬಂದರು. ಎದುರಿನವರ ತಪ್ಪನ್ನು ತೂಗುವ ತಕ್ಕಡಿ ಅವರ ಬಳಿ ಇರಲಿಲ್ಲ.

ಇತ್ತ ತರುಣರಿಗೆ ತಾವು ಆಡಿದ ಮಾತು ಸಂಜೆಯ ಹೊತ್ತಿಗೆ ಚುಚ್ಚತೊಡಗಿತು. ತಪ್ಪು ಮಾಡಿದವರು ತಾವು. ಕ್ಷಮಿಸುವ ಸ್ಥಾನದಲ್ಲಿ ನಿಂತು "ಪರವಾಗಿಲ್ಲ" ಎಂದವರೂ ತಾವೇ. ಹೋಗಿ ಹೇಳಬೇಕು ಎಂದುಕೊಂಡರು. ನಾಳೆ ಎಂದುಕೊಂಡರು. ದೀಪಾವಳಿಗೆ ಎಂದುಕೊಂಡರು. ಕೊನೆಗೆ, ಇವರ ಹಬ್ಬವೇ ಇದೆಯಲ್ಲ, ಮುಂದಿನ ಕ್ಷಮಾವಾಣಿಗೆ ತಾನೇ ಮೊದಲು ಹೋಗುವುದೆಂದು ನಿಶ್ಚಯಿಸಿ ಸಮಾಧಾನ ಮಾಡಿಕೊಂಡರು. ಮಾಘಮಾಸದ ಒಂದು ಬೆಳಿಗ್ಗೆ ಅಜ್ಜಿ ಪಂಚನಮಸ್ಕಾರ ಮಂತ್ರವನ್ನು ಕೇಳುತ್ತ ಪ್ರಾಣಬಿಟ್ಟರು. ಮುಂದಿನ ಭಾದ್ರಪದದಲ್ಲಿ ಕಡಿದ ಜಾಗದಿಂದ ಒಡೆದ ಹೊಸ ಚಿಗುರು ಗೋಡೆಯ ಎತ್ತರಕ್ಕೆ ಬಂದಿತ್ತು.

ಚಾವುಂಡರಾಯನು ಬೆಳಗೊಳದ ಬೆಟ್ಟದ ಮೇಲೆ 981ರಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದನೆಂಬುದು ನಾಡಿಗೆಲ್ಲ ತಿಳಿದಿದೆ. ಆ ಕಾಲದಲ್ಲಿ ಅವನಿಗೆ ಶಾಸ್ತ್ರೋಪದೇಶ ಮಾಡಿದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರ ಗೊಮ್ಮಟಸಾರದಲ್ಲಿ ಕ್ರೋಧದ ನಾಲ್ಕು ಬಗೆಗಳಿಗೆ ಹೋಲಿಕೆಗಳಿವೆ. ಒಂದು ಕ್ರೋಧ ಕಲ್ಲಿನಲ್ಲಿ ಬಿದ್ದ ಬಿರುಕಿನಂತೆ. ಒಂದು ನೆಲದ ಬಿರುಕಿನಂತೆ. ಒಂದು ಧೂಳಿನಲ್ಲಿ ಎಳೆದ ಗೆರೆಯಂತೆ. ಇನ್ನೊಂದು ನೀರಿನ ಮೇಲಿನ ಗೆರೆಯಂತೆ. ಅದೇ ಗ್ರಂಥದಲ್ಲಿ ಕಷಾಯದ ಸಂಸ್ಕಾರ ಎಷ್ಟು ಕಾಲ ಉಳಿಯುತ್ತದೆ ಎಂಬ ಅಳತೆಯೂ ಇದೆ. ಅತ್ಯಂತ ಸೌಮ್ಯವಾದದ್ದು ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷಗಳ ಒಳಗೆ ಮಾಯುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಒಂದು ಪಕ್ಷ ಉಳಿಯುತ್ತದೆ. ಮತ್ತೂ ಗಟ್ಟಿಯಾದದ್ದು ಆರು ತಿಂಗಳು. ಆರು ತಿಂಗಳನ್ನೂ ಮೀರಿ ಉಳಿಯುವ ಕಷಾಯ ಅನಂತಾನುಬಂಧಿ. ಅದು ಜನ್ಮಜನ್ಮಾಂತರಗಳಿಗೆ ಹಿಂಬಾಲಿಸುತ್ತದೆ. ಈ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ ಮನಸ್ಸಿನಲ್ಲಿ ಉಳಿಸಿಕೊಂಡ ವೈರವೊಂದಕ್ಕೆ ವಯಸ್ಸೆಷ್ಟಾಯಿತು ಎಂದು ತನ್ನನ್ನೇ ಕೇಳಿಕೊಳ್ಳದೆ ಇರಲಾಗದು. ಅಜ್ಜಿಯ ನೋವು ನೀರಿನ ಗೆರೆಯಾಯಿತು. ಪಕ್ಕದ ಮನೆಯವರ ಸಿಟ್ಟೂ ಬೇಗನೆ ಆರಿತು. ಆದರೆ ಸಿಟ್ಟಿನ ಜಾಗದಲ್ಲಿ ಮಾನಕಷಾಯ ಬಂದು ಕೂತಿತು. ಬಾಯಿ ಬಿಟ್ಟು "ತಪ್ಪಾಯಿತು" ಎನ್ನಲು ಅಡ್ಡಬಂದದ್ದು ಅದೇ.

ಕ್ಷಮಾವಾಣಿ ಬರುವ ಭಾದ್ರಪದ ಬಹುಳದ ಪಾಡ್ಯದಿಂದಲೇ ಪಿತೃಪಕ್ಷವೂ ಆರಂಭವಾಗುತ್ತದೆ. ಗೃಹಸ್ಥರು ತಮ್ಮ ಕುಲಾಚಾರದಂತೆ ಹಿರಿಯರಿಗೆ ಎಡೆಯಿಡುವ ದಿನ, ಮನೆಯವರಿಗೂ ಹೇಳದೆ, ಎಡೆಯ ಪಕ್ಕದಲ್ಲಿ ಒಂದು ಬೊಗಸೆ ಪಾರಿಜಾತವನ್ನು ಅಜ್ಜಿಯ ಹೆಸರಿನಲ್ಲಿ ಇಡತೊಡಗಿದರು. ಹಲವು ವರ್ಷ ಹೀಗೆ ನಡೆಯಿತು. ಹೂವಿನ ಪರಿಮಳ ಮೂಗಿಗೆ ಬಡಿದಾಗಲೆಲ್ಲ ಹಿತ್ತಾಳೆ ತಟ್ಟೆ ಹಿಡಿದು ನಿಂತ ಅಜ್ಜಿಯ ರೂಪ ಕಣ್ಣಮುಂದೆ ಬರುತ್ತಿತ್ತು. ಅದರ ಹಿಂದೆಯೇ "ಪರವಾಗಿಲ್ಲ" ಎಂಬ ತಮ್ಮ ದನಿಯೂ ಕೇಳುತ್ತಿತ್ತು.

ಆ ಮನೆಯಲ್ಲಿ ಈಗ ಇರುವವರು ಅಜ್ಜಿಯ ಮೊಮ್ಮಗ. ಕೆಲವು ವರ್ಷಗಳ ಹಿಂದೆ ಕ್ಷಮಾವಾಣಿಯಂದು ಅವರು ಎಂದಿನಂತೆ ಪಕ್ಕದ ಮನೆಗೆ ಬಂದು ಕೈಮುಗಿದು ಕ್ಷಮೆ ಕೋರಿದರು. ಅಂದು ಹಿರಿಯರ ಬಾಯಿಂದ "ಪರವಾಗಿಲ್ಲ" ಎಂಬ ಮಾತು ಹೊರಡಲಿಲ್ಲ. ಮೊಮ್ಮಗನನ್ನು ಕೂರಿಸಿ, ಮರ ಕಡಿಸಿದ್ದರಿಂದ ಹಿಡಿದು ಎಡೆಯ ಪಕ್ಕದ ಹೂವಿನವರೆಗೆ ಎಲ್ಲವನ್ನೂ ಹೇಳಿದರು. "ಅವರಿಗೆ ಹೇಳಬೇಕಾದದ್ದನ್ನು ನಿನಗೆ ಹೇಳುತ್ತಿದ್ದೇನಪ್ಪ. ನೀನಾದರೂ ಕ್ಷಮಿಸು" ಎಂದರು.

ಮೊಮ್ಮಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮಾತು ಸರಳವಾಗಿತ್ತು. "ದೊಡ್ಡಪ್ಪ, ನಮ್ಮಲ್ಲಿ ಮೊದಲು ಕ್ಷಮಿಸುತ್ತೇವೆ, ಆಮೇಲೆ ಕ್ಷಮೆ ಕೇಳಲು ಹೊರಡುತ್ತೇವೆ. ಅಜ್ಜಿ ತಟ್ಟೆ ಹಿಡಿದು ನಿಮ್ಮ ಬಾಗಿಲಿಗೆ ಬಂದಾಗಲೇ ನಿಮ್ಮ ಮೇಲಿನ ನೋವನ್ನು ಬಿಟ್ಟು ಬಂದಿದ್ದರು. ಅವರಿಗೆ ನೀವು ಕೊಡಬೇಕಾದ್ದು ಏನೂ ಉಳಿದಿಲ್ಲ. ಆದರೂ ನಿಮ್ಮ ಎದೆ ಭಾರವಾಗಿದೆ ಅಂದರೆ, ಆ ಭಾರ ಇಳಿಸುವ ಜಾಗ ಬೇರೆ ಎಲ್ಲೋ ಇರಬೇಕು."

ಜೈನ ಸಮಾಜದಲ್ಲಿ ದಿನವೂ ಪಠಿಸುವ ಕ್ಷಮಾಭಾವನೆಯ ಕ್ರಮ ಹೀಗೆಯೇ ಇದೆ. ಸಕಲ ಜೀವಿಗಳನ್ನು ತಾನು ಕ್ಷಮಿಸುವುದು ಮೊದಲು. ಸಕಲ ಜೀವಿಗಳಿಂದ ಕ್ಷಮೆ ಬೇಡುವುದು ಅನಂತರ. ಮೈತ್ರಿಯ ಭಾವನೆ ಆಮೇಲೆ. ವೈರದ ನಿರಾಕರಣೆ ಕೊನೆಗೆ. ಶ್ವೇತಾಂಬರರು ಸಂವತ್ಸರಿಯಂದು ಹೇಳುವ "ಮಿಚ್ಛಾಮಿ ದುಕ್ಕಡಂ" ಎಂಬುದರ ತಾತ್ಪರ್ಯವೂ ತನ್ನ ದುಷ್ಕೃತ್ಯ ನಿಷ್ಫಲವಾಗಲಿ ಎಂಬುದೇ. ಈ ಕ್ಷಮೆಯ ವ್ಯಾಪ್ತಿಯಲ್ಲಿ ಮನುಷ್ಯರಷ್ಟೇ ಇಲ್ಲ. 84 ಲಕ್ಷ ಯೋನಿಗಳ ಎಣಿಕೆಯಲ್ಲಿ ಪ್ರತ್ಯೇಕ ವನಸ್ಪತಿಗೇ 10 ಲಕ್ಷ ಮೀಸಲಾಗಿದೆ. ಕಡಿಸಿಕೊಂಡ ಪಾರಿಜಾತವೂ ಅದರೊಳಗೆ ಬರುತ್ತದೆ. ಇನ್ನು ಅಗಲಿದ ಜೀವದ ವಿಚಾರ. ಜೈನ ದರ್ಶನದಂತೆ ಜೀವವು ತನ್ನ ಕರ್ಮವನ್ನು ತಾನೇ ಹೊತ್ತು ಮುಂದಿನ ಗತಿಗೆ ಹೋಗುತ್ತದೆ. ಹಿಂದೆ ಉಳಿದವರು ಅರ್ಪಿಸಿದ್ದು ಅದನ್ನು ಮುಟ್ಟುವುದಿಲ್ಲ. ಮೇಲ್ನೋಟಕ್ಕೆ ಇದು ಕಠಿಣವಾಗಿ ತೋರುತ್ತದೆ. ಆದರೆ ಇದರೊಳಗೆ ಒಂದು ಸಾಂತ್ವನವಿದೆ: ಅಗಲಿದವರ ಸ್ಮರಣೆಯಿಂದ ಆಗಬೇಕಾದ ಕೆಲಸವೆಲ್ಲ ಬದುಕಿರುವವರ ಮನಸ್ಸಿನಲ್ಲೇ ಆಗಬಹುದು, ಆದ್ದರಿಂದ ಅದಕ್ಕೆ ಕಾಲ ಮೀರಿಲ್ಲ.

ಹೂವು ತಲುಪದೆ ಹೋದರೂ ಭಾವ ತಲುಪುತ್ತದೆ ಎಂಬುದಕ್ಕೆ ಜೈನ ಕಥಾಸಾಹಿತ್ಯದಲ್ಲಿ ಕಪ್ಪೆಯ ಕಥೆಯಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಗೆ ಉದಾಹರಣೆಯಾಗಿ ಹೆಸರಿಸುವುದು ಚಕ್ರವರ್ತಿಯನ್ನಲ್ಲ, ರಾಜಗೃಹದ ಆ ಕಪ್ಪೆಯನ್ನು. ಹಿಂದಿನ ಜನ್ಮದಲ್ಲಿ ಅದೊಬ್ಬ ಶ್ರೇಷ್ಠಿ. ಸತ್ತು ತನ್ನ ಮನೆಯ ಬಾವಿಯಲ್ಲೇ ಕಪ್ಪೆಯಾಗಿ ಹುಟ್ಟಿತು. ನೀರಿಗೆ ಬಂದ ಹಿಂದಿನ ಜನ್ಮದ ಹೆಂಡತಿಯನ್ನು ಕಂಡು ಅದಕ್ಕೆ ಜಾತಿಸ್ಮರಣೆಯಾಯಿತು. ಮಹಾವೀರ ಸ್ವಾಮಿಯ ಸಮವಸರಣ ವಿಪುಲಾಚಲಕ್ಕೆ ಬಂದಿದೆಯೆಂಬ ಸುದ್ದಿ ಕೇಳಿ, ಒಂದೇ ಒಂದು ಹೂವನ್ನು ಬಾಯಲ್ಲಿ ಕಚ್ಚಿಕೊಂಡು ಅದು ಹೊರಟಿತು. ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಸತ್ತಿತು. ಹೂವು ಜಿನಪಾದವನ್ನು ಸೇರಲಿಲ್ಲ. ಆದರೆ ಪೂಜೆಗೆಂದು ಹೊರಟ ಭಾವದ ಬಲದಿಂದ ಆ ಜೀವ ದೇವನಾಗಿ ಹುಟ್ಟಿ, ಕಪ್ಪೆಯ ಗುರುತಿನ ಕಿರೀಟ ಧರಿಸಿ, ರಾಜನಿಗಿಂತ ಮೊದಲೇ ಸಮವಸರಣದಲ್ಲಿತ್ತು. ಈ ಕಥೆಯಲ್ಲಿ ಸ್ಮರಣೆಯೂ ಇದೆ, ಹೂವೂ ಇದೆ. ಕಪ್ಪೆ ಹಳೆಯ ನೆನಪಿನ ಬಾವಿಯಲ್ಲಿ ಉಳಿಯಲಿಲ್ಲ, ಹೊರಟಿತು. ಅದರ ಹಿರಿಮೆಯೆಲ್ಲ ಆ ಹೊರಡುವಿಕೆಯಲ್ಲಿದೆ.

ಮೊಮ್ಮಗ ಹೇಳಿದ ಆ "ಬೇರೆ ಜಾಗ" ಯಾವುದೆಂದು ಹಿರಿಯರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರ ಸ್ವಂತ ತಮ್ಮ ಎರಡು ಬೀದಿಗಳಾಚೆ ಇದ್ದರು. ತೆಂಗಿನ ತೋಟಕ್ಕೆ ಹೋಗುವ ಕಾಲುದಾರಿಯ ವಿಷಯದಲ್ಲಿ ಹುಟ್ಟಿದ ಮುನಿಸಿಗೆ ಆಗ 11 ವರ್ಷ. ಮದುವೆ, ತಿಥಿಗಳಿಗೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿರಲಿಲ್ಲ. ತಮ್ಮನ ತಪ್ಪುಗಳ ಪಟ್ಟಿ ಹಿರಿಯರ ಬಳಿ ಉದ್ದವಾಗಿಯೇ ಇತ್ತು. ಅಂದು ಅವರು ಅಜ್ಜಿಯಂತೆ ತಮ್ಮ ಕಡೆಯ ತಪ್ಪನ್ನು ಹುಡುಕಿದರು. ಮೋಜಣಿದಾರನನ್ನು ಕರೆಸಿ, ತಮ್ಮನಿಗೆ ಒಂದು ಮಾತೂ ತಿಳಿಸದೆ, ಅವರು ಊರಲ್ಲಿಲ್ಲದ ದಿನ ಎಲ್ಲೆಯ ಕಲ್ಲು ನೆಡಿಸಿದ್ದು ನೆನಪಾಯಿತು. ಊರಲ್ಲಿಲ್ಲದ ದಿನ ನೋಡಿ ಮರ ಕಡಿಸಿದವರೂ ತಾವೇ. ನಡುವೆ ಮೂವತ್ತು ವರ್ಷ ಕಳೆದಿದ್ದರೂ ಮಾಡಿದ ತಪ್ಪಿನ ರೀತಿ ಒಂದೇ ಆಗಿತ್ತು. ಅಜ್ಜಿಯಲ್ಲಿ ಅಂದೇ ಬಾಯಿಬಿಟ್ಟು ಕ್ಷಮೆ ಕೇಳಿದ್ದರೆ, ಬಹುಶಃ ಎರಡನೆಯ ಸಲ ಕೈ ಹಿಂಜರಿಯುತ್ತಿತ್ತು.

ಬಾವಿಕಟ್ಟೆಯ ಮೇಲೆ ಆಯ್ದಿಟ್ಟ ಪಾರಿಜಾತವನ್ನು ಒಂದು ತಟ್ಟೆಗೆ ಸುರಿದುಕೊಂಡು ಹಿರಿಯರು ತಮ್ಮನ ಮನೆಯ ಬಾಗಿಲಿಗೆ ಹೋದರು. "ನಿನಗೆ ಹೇಳದೆ ಕಲ್ಲು ನೆಡಿಸಿದೆ. ಅದು ನನ್ನ ತಪ್ಪು" ಎಂದರು. ಬೇರೆ ಏನನ್ನೂ ಹೇಳಲಿಲ್ಲ; ಕಾಲುದಾರಿಯ ಮಾತೆತ್ತಲಿಲ್ಲ. ತಮ್ಮ "ಪರವಾಗಿಲ್ಲ" ಎನ್ನಲಿಲ್ಲ. ಬಹಳ ಹೊತ್ತು ಹೂವನ್ನೇ ನೋಡುತ್ತಿದ್ದು, ಒಳಗೆ ಮುಖ ಮಾಡಿ ಕಾಫಿ ತರಲು ಹೇಳಿ, ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಕಡೆಯ ಎರಡು ತೆಂಗಿನ ಸಸಿ ಕಿತ್ತುಹಾಕಿದ್ದು ನಾನೇ ಅಣ್ಣ" ಎಂದರು. ದಾರಿಯ ವ್ಯಾಜ್ಯ ಅಂದೇ ಬಗೆಹರಿಯಲಿಲ್ಲ. ಅಳತೆ, ಕಾಗದ ಪತ್ರಗಳಿಗೆ ಮತ್ತೂ ಒಂದು ವರ್ಷ ಹಿಡಿಯಿತು. ಆದರೆ ಅಷ್ಟೂ ದಿನ ಅಣ್ಣತಮ್ಮಂದಿರು ಒಂದೇ ಗಾಡಿಯಲ್ಲಿ ತಾಲ್ಲೂಕು ಕಚೇರಿಗೆ ಹೋಗಿಬಂದರು.

ಸಂಸ್ಕೃತದಲ್ಲಿ ಹೂವಿಗೆ ಸುಮನಸ್ಸು ಎಂಬ ಹೆಸರಿದೆ. ಒಳ್ಳೆಯ ಮನಸ್ಸಿಗೂ ಅದೇ ಹೆಸರು. ಸಮವಸರಣದಲ್ಲಿ ದೇವತೆಗಳು ಸುರಿಸುವ ಪುಷ್ಪವೃಷ್ಟಿ ಎಂಟು ಮಹಾಪ್ರಾತಿಹಾರ್ಯಗಳಲ್ಲಿ ಒಂದು. ಆ ಹೂಗಳು ತೊಟ್ಟು ಕೆಳಗಾಗಿ, ಎಸಳು ಮೇಲಾಗಿ ಬೀಳುತ್ತವೆಯಂತೆ. ಕಲ್ಯಾಣಮಂದಿರ ಸ್ತೋತ್ರದ ಕವಿ ಇದಕ್ಕೆ ಕಾರಣ ಹೇಳುವಾಗ ಈ ಪದದ ಎರಡು ಅರ್ಥಗಳನ್ನೂ ಕೂಡಿಸುತ್ತಾನೆ: ಜಿನನ ಸನ್ನಿಧಿಯಲ್ಲಿ ಸುಮನಸ್ಸುಳ್ಳವರ ಬಂಧನಗಳು ಕೆಳಗೆ ಬೀಳುವುದು ಸಹಜವಲ್ಲವೇ ಎಂಬುದು ಅವನ ಆಶಯ. ಹೂವಿಗೆ ತೊಟ್ಟೇ ಬಂಧನ. ಮನುಷ್ಯನಿಗೆ ಮಾನ, ಕ್ರೋಧಗಳು ಬಂಧನ.

ಪ್ರೀತಿಪಾತ್ರರಾದ ಹಿರಿಯರ ನೆನಪನ್ನು ಹೂವೊಂದು ತಂದುಕೊಟ್ಟಾಗ ಆ ನೆನಪು ಮೋಹವಾಗಿ ಉಳಿಯಬಹುದು, ಆಚರಣೆಯಾಗಿ ಅರಳಲೂಬಹುದು. ಅವರ ಕಾಲದಲ್ಲಿ ಹೇಳದೆ ಉಳಿದ ಮಾತು ಇನ್ನಾರಿಗೋ ಹೇಳಬೇಕಾದ ಮಾತೂ ಆಗಿರುತ್ತದೆ. ಆ ಇನ್ನಾರೋ ಬದುಕಿರುವಾಗಲೇ, ಇನ್ನೊಂದು ಭಾದ್ರಪದಕ್ಕೆ ಕಾಯದೆ, ಅದನ್ನು ಹೇಳಿಬಿಡುವುದು ವಿವೇಕ. ಹಾಸನ ಸೀಮೆಯ ಆ ಊರಿನಲ್ಲಿ ಗೋಡೆ ದಾಟಿದ ಕೊಂಬೆ ಇಂದಿಗೂ ಹಾಗೆಯೇ ಇದೆ. ಮಳೆಗಾಲದಲ್ಲಿ ಕಂಬಳಿಹುಳು ಕಂಡರೆ ಈ ಕಡೆಯ ಮನೆಯವರು ಕಡ್ಡಿ ಹಿಡಿದು ಬರುತ್ತಾರೆ, ಆ ಕಡೆಯವರು ಮಕ್ಕಳನ್ನು ಎಚ್ಚರಿಸುತ್ತಾರೆ. ಭಾದ್ರಪದದ ನಸುಕಿನಲ್ಲಿ ಗೋಡೆಯ ಎರಡು ಕಡೆಯೂ ಹಳೆಯ ಪಂಚೆ ಹಾಸಿರುತ್ತದೆ.